ನೀಲಿ ನೀರಿನಲ್ಲಿ ತೇಲಿದ ಹನಿ

ಕಳೆದ ತಿಂಗಳು ಭಟ್ಕಳದಲ್ಲಿ ನನ್ನನ್ನು ರಕ್ತದಾನದ ಸಾಲಿನಿಂದ ಹೊರಗೆ ಕಳಿಸಿದರು. ಮೊಮ್ಮಗಳ ಕಾಲೇಜಿನಲ್ಲಿ ಶಿಬಿರವಿತ್ತು. ಅವಳ ಜೊತೆಗೆ ಹೋದವಳು ಸುಮ್ಮನೆ ಕೂರಲಾರದೆ ನಾನೂ ಸೆರಗು ಸಿಕ್ಕಿಸಿಕೊಂಡು ಸಾಲಿನಲ್ಲಿ ನಿಂತೆ. ಮೇಜಿನ ಹಿಂದಿನ ಹುಡುಗಿ ವಯಸ್ಸು ಕೇಳಿದಳು. ಹೇಳಿದೆ. "ಆಗೂದಿಲ್ಲ ಅಜ್ಜಿ, ನಿಮ್ಮ ವಯಸ್ಸು ದಾಟಿಹೋತು," ಎಂದಳು. ನಾನು ಜಗಳ ತೆಗೆಯುತ್ತೇನೆಂದು ಮೊಮ್ಮಗಳು ಆಗಲೇ ತಲೆ ತಗ್ಗಿಸಿದ್ದಳು. ಮನೆಯಲ್ಲಿ ನನ್ನ ಹೆಸರು ಹಾಗಿದೆ. ಆದರೆ ನಾನು ಜಗಳ ತೆಗೆಯಲಿಲ್ಲ. ಬೇಡ ಎನ್ನಲು ಅಂಜದ ಹುಡುಗಿಯರನ್ನು ಕಂಡರೆ ನನಗೆ ಇವತ್ತಿಗೂ ಖುಷಿ. "ಸರಿ ಹೇಳಿದೆ ತಂಗಿ. ಯಾವ ದೊಡ್ಡ ಮನುಷ್ಯ ಬಂದು ನಿಂತರೂ ಹಿಂಗೇ ಹೇಳು," ಎಂದು ಪಕ್ಕಕ್ಕೆ ಸರಿದೆ. ಅವಳಿಗೆ ಅರ್ಥವಾಗಲಿಲ್ಲ, ನಕ್ಕಳು.

ಅವಳ ಮೇಜಿನ ಮೇಲೆ ಗಾಜಿನ ಲೋಟವೊಂದರಲ್ಲಿ ನೀಲಿ ನೀರಿತ್ತು. ಈಗ ಅದಕ್ಕೆಲ್ಲ ಯಂತ್ರ ಬಂದಿದೆಯಂತೆ, ಆದರೂ ಕೆಲವು ಕಡೆ ಹಳೆಯ ಪದ್ಧತಿಯೇ ನಡೆಯುತ್ತದೆ. ಆ ನೀಲಿಯನ್ನು ನೋಡುತ್ತ ಕೂತವಳಿಗೆ ಹೊನ್ನಾವರದ ಒಂದು ಮಳೆಗಾಲ ಎದ್ದು ಬಂತು. ಆ ಮಳೆಗಾಲದ ಮೇಲೆ ನನಗೆ ಇನ್ನೂ ಸಿಟ್ಟಿದೆ. ಪ್ರೀತಿಯೂ ಇದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಕುಮಟೆಯ ಹುಡುಗಿ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು ಹೊನ್ನಾವರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ್ದೆ. ಆಪರೇಷನ್ ಮಾಡುವ ಡಾಕ್ಟರು ಒಬ್ಬರೇ. ರಕ್ತದ ಬ್ಯಾಂಕು ಎಂಬುದು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇತ್ತು, ನಮ್ಮ ಕಡೆ ಅದರ ಹೆಸರು ಕೇಳಿದವರೇ ಕಡಿಮೆ. ನಮ್ಮಲ್ಲಿ ರಕ್ತ ಬೇಕೆಂದರೆ ರೋಗಿಯ ಕಡೆಯವರು ಜನರನ್ನು ಕರೆತರಬೇಕು. ಅವರನ್ನು ಪರೀಕ್ಷಿಸಿ, ಹೊಂದುತ್ತದೆಯೇ ನೋಡಿ, ಗಾಜಿನ ಬಾಟಲಿಗೆ ತೆಗೆದು ಅಲ್ಲೇ ಏರಿಸುವುದು. ಯಾರು ಕೊಡಬಹುದು, ಯಾರು ಕೊಡಬಾರದು ಎಂದು ಆರಿಸುವ ಕೆಲಸವನ್ನು ಡಾಕ್ಟರು ನನಗೆ ಕಲಿಸಿ, ನನ್ನ ತಲೆಗೇ ಕಟ್ಟಿದ್ದರು.

ಕೆಲಸವೇನೂ ಮಾಟಮಂತ್ರವಲ್ಲ. ಮೊದಲು ತೂಕ. ಆಮೇಲೆ ಪ್ರಶ್ನೆಗಳು: ಕಾಮಾಲೆ ಆಗಿತ್ತೇ, ಚಳಿಜ್ವರ ಬಂದಿತ್ತೇ, ಬೇರೆ ದೊಡ್ಡ ಕಾಯಿಲೆ ಏನಾದರೂ. ಆಗ ಈಗಿನಷ್ಟು ಪರೀಕ್ಷೆಗಳಿರಲಿಲ್ಲ. ಕಾಮಾಲೆಯ ವಿಷ ರಕ್ತದಲ್ಲಿ ಉಳಿದಿದೆಯೋ ಇಲ್ಲವೋ ಕಂಡುಹಿಡಿಯಲು ನಮ್ಮ ಹತ್ತಿರ ಇದ್ದದ್ದು ಬಾಯಿಮಾತಿನ ಪ್ರಶ್ನೆ ಮಾತ್ರ. ಹೌದು ಎಂದರೆ ಮುಗಿಯಿತು, ಮುಂದಕ್ಕಿಲ್ಲ. ಕೊನೆಗೆ ನೀಲಿ ನೀರು. ಅದು ಬೇರೇನಲ್ಲ, ಅಡಿಕೆಗೆ ಕೊಳೆ ಬರದಂತೆ ತೋಟದವರು ಸುಣ್ಣದ ಜೊತೆ ಕಲಸಿ ಹೊಡೆಯುವ ಅದೇ ಮೈಲುತುತ್ತದ ನೀರು, ಹದ ಮಾತ್ರ ನಮ್ಮದು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಅದರಲ್ಲಿ ಬಿಡಬೇಕು. ಕಸುವಿರುವ ರಕ್ತ ಥಟ್ಟನೆ ತಳಕ್ಕೆ ಇಳಿಯುತ್ತದೆ. ಇಲ್ಲದ್ದು ಮೇಲೆಯೇ ತೇಲುತ್ತ ನಿಲ್ಲುತ್ತದೆ.

ಆ ಮಳೆಗಾಲ ಜೂನಿನ ಮೊದಲ ಮಿರ್ಗದ ಮಳೆಯಿಂದಲೇ ಜೋರಾಗಿತ್ತು. ಕಡಲು ಕೆಂಪಾಗಿ ಕೂಗುತ್ತಿತ್ತು. ಬೋಟುಗಳನ್ನೆಲ್ಲ ದಡಕ್ಕೆಳೆದು ಹೆಣೆದ ತೆಂಗಿನ ಮಡಲು ಹೊದಿಸಿದ್ದರು. ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೆ ನೂಲಹುಣ್ಣಿಮೆಯವರೆಗೆ ಕೆಲಸವಿಲ್ಲ. ಅಷ್ಟು ದಿನ ಬೋಟಿನ ಯಜಮಾನರ ಮನೆಯಿಂದ ಅಳೆದು ಕೊಡುವ ಅಕ್ಕಿಯೇ ಗತಿ. ಅದಕ್ಕೆ ಬದಲಾಗಿ ಯಜಮಾನರು ಕರೆದಾಗ ಹೋಗಬೇಕು. ಮನೆಗೆ ಮಡಲು ಕಟ್ಟುವುದು, ಕಟ್ಟಿಗೆ ಒಡೆಯುವುದು, ಬಲೆ ಕಟ್ಟುವುದು. ಅದೇ ರೂಢಿಯಲ್ಲಿ ರಕ್ತವೂ ಸೇರಿಕೊಂಡಿತ್ತು. ಯಜಮಾನರ ಮನೆಯ ಯಾರಿಗಾದರೂ ರಕ್ತ ಬೇಕೆಂದು ಡಾಕ್ಟರು ಹೇಳಿದರೆ "ಆತು, ನಾಳೆ ಕಲಾಸಿಗಳನ್ನ ಕಳಿಸ್ತೆ," ಎಂಬ ಉತ್ತರ ಬಾಯಲ್ಲೇ ಇರುತ್ತಿತ್ತು. ಅದರಲ್ಲಿ ತಪ್ಪಿದೆ ಎಂದು ಕಳಿಸುವವರಿಗೂ ಅನ್ನಿಸುತ್ತಿರಲಿಲ್ಲ, ಬರುವವರಿಗೂ ಅನ್ನಿಸುತ್ತಿರಲಿಲ್ಲ.

ಆಷಾಢದಲ್ಲಿ ನಾಗಮ್ಮ ಬಂದಳು. ಹೊಳೆಯಾಚೆಯ ಬೋಟಿನ ಯಜಮಾನ ಸೋಮಯ್ಯನವರ ಹೆಂಡತಿ. ಗರ್ಭಕೋಶದಲ್ಲಿ ಗೆಡ್ಡೆ, ತಿಂಗಳುಗಟ್ಟಲೆ ರಕ್ತ ಹೋಗಿ ಅಂಗೈ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಮಗ್ಗುಲಾದರೆ ಏದುಸಿರು. ಆದರೂ ಬಾಯಿ ಮಾತ್ರ ಗಟ್ಟಿ. ಬಂದ ದಿನವೇ ನನಗೆ, "ನರ್ಸಬಾಯಿ, ನೀ ಎಂತಕ್ಕೆ ಯಾವಾಗ್ಲೂ ಮುಖ ಗಂಟು ಹಾಕ್ಕಂಡಿರೂದು? ಹಿಂಗಿದ್ರೆ ಗಂಡು ಸಿಕ್ಕೂದಿಲ್ಲ, ಮದಿ ಆಗೂದಿಲ್ಲ ನೋಡು," ಎಂದಿದ್ದಳು. ಡಾಕ್ಟರು ಯಜಮಾನರನ್ನು ಕರೆದು ನೇರವಾಗಿ ಹೇಳಿದರು: ಆಪರೇಷನ್ ಆಗಲೇಬೇಕು, ಬುಧವಾರ ದಾಟಿಸುವಂತಿಲ್ಲ, ಎರಡು ಬಾಟಲಿ ರಕ್ತ ಕೈಯಲ್ಲಿಲ್ಲದೆ ನಾನು ಕತ್ತರಿ ಮುಟ್ಟುವುದಿಲ್ಲ. ಯಜಮಾನರು ತಲೆಯಾಡಿಸಿದರು. "ಆತು ಡಾಕ್ಟರೇ. ನಾಳೆ ಕಲಾಸಿಗಳನ್ನ ಕಳಿಸ್ತೆ."

ಮರುದಿನ ಬೆಳಿಗ್ಗೆ ನಾಲ್ವರು ಕಂಬಳಿ ಕೊಪ್ಪೆ ಹಾಕಿಕೊಂಡು ಹೊಳೆ ದಾಟಿ ಬಂದರು. ನನ್ನ ಕೋಣೆಯ ಕಿಟಕಿ ಜಗಲಿಗೆ ತೆರೆದಿತ್ತು, ಸರದಿ ಕಾಯುವವರು ಅಲ್ಲೇ ನಿಲ್ಲುತ್ತಿದ್ದರು. ಯಜಮಾನರ ಇಬ್ಬರು ಗಂಡುಮಕ್ಕಳು, ದೊಡ್ಡವ ಮಂಜುನಾಥ, ಚಿಕ್ಕವ ಗಣೇಶ, ಕಲಾಸಿಗಳನ್ನು ಕರೆತಂದವರು ಅಲ್ಲೇ ಕಂಬಕ್ಕೊರಗಿ ನಿಂತಿದ್ದರು. ಅಣ್ಣತಮ್ಮ ಇಬ್ಬರೂ ಹಲಗೆಯಂಥ ಎದೆಯವರು.

ಮೊದಲ ಕಲಾಸಿಯ ಹನಿ ತೇಲಿತು. ಎರಡನೆಯವನದ್ದೂ ತೇಲಿತು. ಮೂರನೆಯವನು ತೂಕದಲ್ಲೇ ಕಡಿಮೆ ಬಿದ್ದ. ನಾಲ್ಕನೆಯವನು ಜಟ್ಟಪ್ಪ, ಇಪ್ಪತ್ತೈದರ ಆಸುಪಾಸಿನವನು. ಕಣ್ಣುಗಳು ಒಳಗಿಳಿದಿದ್ದವು.

"ಚಳಿಜ್ವರ ಬಂದಿತ್ತಾ?" ಎಂದೆ.

"ಇಲ್ಲ ಬಾಯಿ."

"ಮತ್ತೆ ಈಗ ಎಂತಕ್ಕೆ ನಡುಗ್ತೆ?"

"ಮಳೇಲಿ ನೆಂದಿ."

ಉಳಿದ ಮೂವರೂ ಮೈ ಒರೆಸಿಕೊಂಡು ಬೆಚ್ಚಗೆ ನಿಂತಿದ್ದರು. ಅವನ ಹಣೆ ಮುಟ್ಟಿದೆ, ಕಾದಿತ್ತು. ಆದರೂ ಬೆರಳು ಮುಂದೆ ಚಾಚಿಯೇ ಇದ್ದ. ಚುಚ್ಚಿದೆ. ಹನಿ ನೀಲಿ ನೀರಿನ ಮೇಲೆ ನಿಂತಿತು, ಅರ್ಧ ಇಳಿದಂತೆ ಮಾಡಿ ಮತ್ತೆ ಮೇಲೆ ಬಂತು. ಜಟ್ಟಪ್ಪ ಲೋಟದೊಳಗೆ ಬಗ್ಗಿ ನೋಡಿದ. "ಮತ್ತೊಂದ್ಸಲ ಬಿಡಿ ಬಾಯಿ. ಮುಳುಗ್ತದೆ," ಎಂದ.

"ನಿನ್ನ ಹತ್ರ ತೆಗೆದರೆ ನೀನೇ ಮುಳುಗೂದು. ಹೋಗು, ಡಾಕ್ಟರಿಗೆ ಜ್ವರ ತೋರಿಸು."

ಅವನು ಹೋಗಲಿಲ್ಲ. ಸಿಟ್ಟಿನಿಂದ ದನಿ ತಗ್ಗಿಸಿ ಹೇಳಿದ: "ನಿಮಗೆಂತ ಗೊತ್ತದೆ? ಬೋಟಿಗೆ ಈ ವರ್ಷ ಜನ ಕಡಿಮೆ ಮಾಡ್ತ್ರಂತೆ. ನಾ ರಕ್ತ ಕೊಟ್ರೆ ನನ್ನ ಜಾಗ ಉಳೀತಿತ್ತು. ನೀವು ನನ್ನ ಹೊಟ್ಟೆ ಮೇಲೆ ಹೊಡೆದ್ರಿ."

ಅವನು ಹೇಳಿದ್ದು ನಿಜವೇ ಆಗಿತ್ತು. ಆದರೆ ಆ ರಕ್ತ ತೆಗೆದರೆ ಅವನಿಗೂ ಕೇಡು, ಜ್ವರದ ರಕ್ತ ಏರಿಸಿಕೊಂಡ ನಾಗಮ್ಮನಿಗೂ ಕೇಡು. ನಾಲ್ವರನ್ನೂ ವಾಪಸು ಕಳಿಸಿದೆ.

ಮಧ್ಯಾಹ್ನ ಸೋಮಯ್ಯನವರು ಕೊಡೆ ಮಡಚುತ್ತ ಬಂದರು. "ನಾನು ಕಳಿಸಿದ ಜನರನ್ನ ನೀ ಹೆಂಗೆ ವಾಪಸ್ ಕಳಿಸಿದೆ?" ಎಂದು ಕೇಳಿದರು. ಹೇಳಿದೆ, ಅವರ ರಕ್ತದಲ್ಲಿ ಕಸುವಿಲ್ಲ ಎಂದು. "ಆ ಕೈಯಲ್ಲಿ ಬಲೆ ಎಳಿತ್ರಲ್ಲ? ಬಲೆ ಎಳೆಯೂಕೆ ಇದ್ದ ಕಸುವು ಬಾಟಲಿಗೆ ಇಲ್ವಾ?" ಎಂದರು. ನನ್ನ ನಾಲಿಗೆಗೆ ಆಗ ಹಿಡಿತವೆಂಬುದೇ ಇರಲಿಲ್ಲ. "ಮಳೆಗಾಲದಲ್ಲಿ ಅವರ ಮನೇಲಿ ಎಂತ ಬೇಯ್ತದೆ ಹೇಳಿ ನಿಮಗೇ ಗೊತ್ತದ್ಯಲ್ಲ ಯಜಮಾನ್ರೆ. ಕಸುವಿದ್ದ ರಕ್ತ ಬೇಕಂದ್ರೆ ದೂರ ಹೋಗೂದು ಬೇಡ. ನಿಮ್ಮ ಮಕ್ಕಳು ಇಬ್ಬರೂ ಜಗಲಿ ಮೇಲೇ ಇದ್ದಾರೆ," ಎಂದೆ.

ಅವರು ಸೀದಾ ಡಾಕ್ಟರ ಹತ್ತಿರ ಹೋದರು. ಡಾಕ್ಟರು ನನ್ನನ್ನು ಕರೆಸಿ, ಮುಖ ನೋಡದೆ, "ಸಿಸ್ಟರ್, ಸ್ವಲ್ಪ ಹೊಂದಿಸಿಕೊಳ್ಳಿ. ಇದ್ದುದರಲ್ಲಿ ಒಬ್ಬನನ್ನು ನೋಡಿ," ಎಂದರು. "ಈ ನಿಯಮ ಕಲಿಸಿದವರು ನೀವೇ ಸರ್," ಎಂದೆ. "ಈಗ ಬೇಡ ಅಂದರೆ ನೀವೇ ಬಂದು ಸೂಜಿ ಹಾಕಿ. ನಾನು ಹಾಕುವುದಿಲ್ಲ. ಕೆಲಸದಿಂದ ತೆಗೆದರೆ ಸಂಜೆಯ ಬಸ್ಸಿಗೆ ಕುಮಟೆಗೆ ಹೋಗುತ್ತೇನೆ." ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ, ದಣಿದಿದ್ದರು ಅಷ್ಟೆ. ಸ್ವಲ್ಪ ಹೊತ್ತಿನ ಮೇಲೆ ಯಜಮಾನರ ಕಡೆ ತಿರುಗಿ, "ಅವರು ಹೇಳಿದ್ದು ಸರಿ. ಮನೆಯವರನ್ನೇ ಕಳಿಸಿ," ಎಂದರು.

ಮೊದಲು ಬಂದವಳು ಸೊಸೆ, ಮಂಜುನಾಥನ ಹೆಂಡತಿ ಲಲಿತಾ. ಯಾರೂ ಕರೆಯದೆ ಬಂದು ಸ್ಟೂಲಿನ ಮೇಲೆ ಕೂತು, "ನಂದು ತಕಳಿ," ಎಂದಳು. ಕಂಕುಳಲ್ಲಿ ಎಳೆಗೂಸಿತ್ತು. ಮೊಲೆಯೂಡಿಸುವವಳಿಂದ ತೆಗೆಯುವಂತಿಲ್ಲ. ಅವಳನ್ನೂ ಬೇಡ ಎಂದೆ. ತಾನಾಗಿ ಕೊಡಲು ಬಂದ ಒಬ್ಬಳೇ ಒಬ್ಬಳನ್ನು ಹೀಗೆ ಎಬ್ಬಿಸಿ ಕಳಿಸಬೇಕಾಯಿತು.

ಆಮೇಲೆ ಮಂಜುನಾಥ ಬಂದ. ತೂಕದ ಯಂತ್ರದ ಮುಳ್ಳು ಅವನು ಹತ್ತಿದ ಕೂಡಲೇ ಆಚೆ ಹಾರಿತು. ಕಾಮಾಲೆ ಆಗಿತ್ತೇ ಎಂದು ನಾನು ಬಾಯಿ ತೆರೆಯುವುದಕ್ಕೂ ಮೊದಲೇ ಅವನೇ ಹೇಳಿದ: "ನಂಗೆ ಕಾಮಾಲೆ ಆಗಿತ್ತು." ಹಿಂದೆಯೇ ಗಣೇಶ: "ನಂಗೂ ಆಗಿತ್ತು. ಮತ್ತೆ ಚಳಿಜ್ವರ."

ಆಗ ತಿಳಿಯಿತು. ಬೆಳಿಗ್ಗೆಯಿಂದ ಕಿಟಕಿಯ ಹೊರಗೆ ಕಂಬಕ್ಕೊರಗಿ ನಿಂತಿದ್ದವರು ನನ್ನ ಪ್ರಶ್ನೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಯಾವ ಉತ್ತರ ಕೊಟ್ಟರೆ ಪಾರಾಗಬಹುದು ಎಂಬುದು ಅವರಿಗೆ ಗೊತ್ತಾಗಿತ್ತು. ಇಡೀ ದಿನ ಒಂದೇ ಮೇಜು, ಒಂದೇ ಪ್ರಶ್ನೆ. ಇಲ್ಲದವರು ಇದ್ದ ರೋಗ ಮುಚ್ಚಿಟ್ಟರು, ಉಳ್ಳವರು ಇಲ್ಲದ ರೋಗ ಹೇಳಿಕೊಂಡರು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಆದರೆ ಕೈ ಕಟ್ಟಿತ್ತು. ಕಾಮಾಲೆ ಆಗಿತ್ತೆಂದು ಒಬ್ಬ ಹೇಳಿದ ಮೇಲೆ, ಅದು ಸುಳ್ಳೆಂದು ನನಗೆ ಅನ್ನಿಸಿದ ಮಾತ್ರಕ್ಕೆ ಅವನ ರಕ್ತವನ್ನು ಇನ್ನೊಬ್ಬರ ಮೈಗೆ ಏರಿಸಲಾಗುವುದಿಲ್ಲ. ಅನ್ನಿಸುವುದರ ಮೇಲೆ ನಡೆಯುವ ಕೆಲಸ ಅದಲ್ಲ. ಜಟ್ಟಪ್ಪನಿಗೆ ಬೇಡ ಎಂದ ನಿಯಮವೇ ಇವರಿಬ್ಬರನ್ನೂ ಕಾಪಾಡುತ್ತಿತ್ತು.

ಬುಧವಾರಕ್ಕೆ ಒಂದೇ ದಿನ ಉಳಿದಿತ್ತು. ವಾರ್ಡಿಗೆ ಹೋಗಿ ನಾಗಮ್ಮನ ಮಂಚದ ಪಕ್ಕ ನಿಂತೆ. ಅವಳು ನನ್ನ ಮುಖ ನೋಡಿ, "ಎಂತ ಆತು?" ಎಂದಳು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. "ನಿಮ್ಮ ಇಬ್ಬರು ಮಕ್ಕಳಿಗೂ ಕಾಮಾಲೆ ಆಗಿತ್ತಂತೆ. ಯಾವಾಗ ಆಗಿತ್ತು ಹೇಳಿ ಕೇಳೂಕೆ ಬಂದೆ," ಎಂದೆ.

ನಾಗಮ್ಮ ಮಂಚದ ಸರಳು ಹಿಡಿದು ಎದ್ದಳು. ಏಳಬೇಡಿ ಎಂದೆ, ಕೇಳಲಿಲ್ಲ. ಒಂದು ಕೈ ಸೊಸೆಯ ಹೆಗಲ ಮೇಲೆ, ಒಂದು ಕೈ ಗೋಡೆಯ ಮೇಲೆ. ಎರಡು ಕಡೆ ಕೂತು ಸುಧಾರಿಸಿಕೊಂಡು ನನ್ನ ಕೋಣೆಯವರೆಗೆ ಬಂದು ಕೂತಳು. ಯಜಮಾನರು, ಮಕ್ಕಳು ಒಳಗಿದ್ದರು. ಮಳೆ ಬಿಡದೆ ಕಲಾಸಿಗಳು ಇನ್ನೂ ಜಗಲಿಯಲ್ಲೇ ಇದ್ದರು.

"ಕಾಮಾಲೆ ಯಾವಾಗ ಆಗಿತ್ತಾ ನಿಂಗೆ?" ಎಂದು ಮಂಜುನಾಥನನ್ನು ಕೇಳಿದಳು.

"ಹೋದ ವರ್ಷ ಆಯಿ. ದೀಪಾವಳಿ ಹೊತ್ತಿಗೆ."

"ದೀಪಾವಳಿ ಹೊತ್ತಿಗೆ ಬಂಗಡೆ ಬಿದ್ದಿತ್ತು. ತಾಟು ತುಂಬಾ ಹುರಿದ ಬಂಗಡೆ ತಿಂದವ ನೀನು. ಕಾಮಾಲೆ ಆದವಂಗೆ ಮೀನು ಹಾಕ್ತಾರಾ? ಎಣ್ಣೆ ಹಾಕ್ತಾರಾ? ಆ ಪಥ್ಯ ನಿಂಗೆ ಯಾರು ಮಾಡಿ ಹಾಕಿದ್ರು, ಹೇಳು."

ಮಂಜುನಾಥ ಹೆಂಡತಿಯ ಕಡೆ ನೋಡಿದ. ಲಲಿತಾ ಮಗುವಿನ ತಲೆ ಸವರುತ್ತ, "ನಾ ಮಾಡಿಲ್ಲ ಅತ್ತೆ," ಎಂದಳು.

ಜಗಲಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೀನುಗಾರರ ಕೇರಿಯಲ್ಲಿ ಯಾವ ರೋಗವನ್ನಾದರೂ ಮುಚ್ಚಿಡಬಹುದು, ಕಾಮಾಲೆಯನ್ನು ಮಾತ್ರ ಆಗುವುದಿಲ್ಲ. ಕಾಮಾಲೆ ಎಂದರೆ ತಿಂಗಳುಗಟ್ಟಲೆ ಮೀನು ಬಂದ್. ಎದುರಿಗೆ ಉಳಿದವರು ತಿನ್ನುವುದನ್ನು ನೋಡಿ ಆಸೆಪಡುತ್ತಾನೆಂದು ಆ ಮನೆಯಲ್ಲೇ ಮೀನು ಬೇಯಿಸುವುದಿಲ್ಲ. ಸಪ್ಪೆ ಗಂಜಿ, ಮಜ್ಜಿಗೆ. ಒಂದು ಮನೆಯಿಂದ ಮೀನಿನ ವಾಸನೆ ಬರದಿದ್ದರೆ ಮೂರನೆಯ ದಿನಕ್ಕೆ ಇಡೀ ಕೇರಿ ಬಾಗಿಲಿಗೆ ಬಂದು ವಿಚಾರಿಸುತ್ತದೆ. ಅಂಥ ಊರಿನಲ್ಲಿ ಹುಟ್ಟಿ, ಊರಿಗೇ ಮೀನು ಹಂಚುವ ಮನೆಯಲ್ಲಿ ಬೆಳೆದು, ಇಬ್ಬರೂ ಹೋಗಿ ಹೋಗಿ ಆ ಸುಳ್ಳನ್ನೇ ಆರಿಸಿಕೊಂಡಿದ್ದರು.

"ಹುಡುಗರಿಗೆ ಇನ್ನೂ ದುಡಿಯೂದದೆ, ಮೈ ಸೋತುಹೋಗ್ತದೆ," ಎಂದು ಯಜಮಾನರು ಗೊಣಗಿದರು. ನಾಗಮ್ಮ ಅವರ ಕಡೆ ತಿರುಗಿದಳು. "ಕಲಾಸಿಗಳಿಗೆ ಮಳೆಗಾಲದ ಅಕ್ಕಿ ಅಳೆಯೂದು ನಾನೇ ಅಲ್ದಾ? ಆ ಅಕ್ಕೀಲಿ ಎಷ್ಟು ರಕ್ತ ಆಗ್ತದೆ ಹೇಳಿ ನಂಗೆ ಗೊತ್ತದೆ. ಅದನ್ನ ನನ್ನ ಮೈಗೆ ಹಾಕಬೇಡಿ. ಮನೆಯವರದ್ದು ಇಲ್ಲದಿದ್ರೆ ನನ್ನನ್ನ ಹೊಳೆ ದಾಟಿಸಿ ಮನೇಲಿ ಮಲಗಿಸಿ. ಸಾಯೂಕೆ ಅಲ್ಲೂ ಜಾಗ ಅದೆ."

ನಾನು ಮಂಜುನಾಥನ ಎದುರು ಕೂತೆ. "ನೋಡು ಮಂಜುನಾಥ. ನಾನು ಯಾರ ಕೈಯನ್ನೂ ಎಳೆದು ಸೂಜಿ ಚುಚ್ಚೂದಿಲ್ಲ. ಕೊಡೂದಿಲ್ಲ ಅಂದ್ರೆ ಕೊಡೂದಿಲ್ಲ ಹೇಳು, ಎದ್ದು ಹೋಗು. ಆದರೆ ಕಾಮಾಲೆ ಹೇಳಬೇಡ. ನಿನ್ನ ಆಯಿ ಇಲ್ಲೇ ಕೂತಿದಾಳೆ. ಅವಳ ಮುಖ ನೋಡಿ ಹೇಳು."

ಅವನು ನೆಲ ನೋಡಿದ, ತಾಯಿಯ ಬಿಳಿಚಿದ ಕಾಲು ನೋಡಿದ. "ಕಾಮಾಲೆ ಆಗ್ಲಿಲ್ಲ," ಎಂದ ಕೊನೆಗೆ. "ಹೆದರಿಕೆ ಆಗಿತ್ತು."

ಹೆದರಿಕೆ ನನಗೆ ಅರ್ಥವಾಗುವ ಮಾತು. ಅದನ್ನು ಮೊದಲೇ ಹೇಳಿದ್ದರೆ ನಾನೇ ಅವನ ಕೈ ಹಿಡಿದುಕೊಳ್ಳುತ್ತಿದ್ದೆ. ಬೆರಳು ಚುಚ್ಚಿದೆ. ಹನಿ ಸೀದಾ ತಳಕ್ಕೆ ಇಳಿಯಿತು, ತಾಯಿಯ ರಕ್ತಕ್ಕೆ ಹೊಂದಿಯೂ ಹೊಂದಿತು. ಗಣೇಶನದ್ದು ಹೊಂದಲಿಲ್ಲ. ಉಳಿದವರು ಯಜಮಾನರು. "ನಂಗೆ ಬಿ.ಪಿ. ಅದೆ," ಎಂದರು ತಾವಾಗಿಯೇ. ಪಟ್ಟಿ ಸುತ್ತಿ ನೋಡಿದೆ. "ಇಲ್ಲ ಯಜಮಾನ್ರೆ, ಚೆನ್ನಾಗದೆ," ಎಂದೆ. ಅವರು ಅಂಗಿಯ ತೋಳು ಮಡಚಿದರು. ಅವರ ಹನಿಯೂ ಮುಳುಗಿತು, ರಕ್ತವೂ ಹೊಂದಿತು.

ಬುಧವಾರ ಆಪರೇಷನ್ ಆಯಿತು. ಗೆಡ್ಡೆ ತೆಂಗಿನಕಾಯಿಯ ಗಾತ್ರವಿತ್ತು. ಎರಡೂ ಬಾಟಲಿ ಬೇಕಾದವು, ನಾಗಮ್ಮ ಉಳಿದಳು. ಮನೆಗೆ ಹೋಗುವಾಗ ನನ್ನ ಕೆನ್ನೆ ಹಿಂಡಿ, "ನಿಂಗೆ ಮದಿ ಆಗ್ತದೆ ಬಿಡು. ಕಟ್ಟಿಕೊಂಡವನ ಗತಿ ಮಾತ್ರ ದೇವರಿಗೇ ಗೊತ್ತು," ಎಂದಳು.

ಇಷ್ಟಾದ ಮೇಲೆ ಎಲ್ಲವೂ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಆದರೆ ಯಜಮಾನರು ಮುಖಭಂಗವನ್ನು ಮರೆಯುವ ಜಾತಿಯವರಲ್ಲ. ಆಸ್ಪತ್ರೆ ನಡೆಸುವವರಿಗೆ ದೂರು ಹೋಯಿತು: ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ, ಮರ್ಯಾದಸ್ಥರ ಮನೆಯ ಮಾತನ್ನು ನಾಲ್ಕು ಜನರ ಎದುರು ಬಯಲಿಗೆಳೆದಳು ಎಂದು. ಕ್ಷಮೆ ಕೇಳಿ ಎಂದರು. ಕೇಳಲಿಲ್ಲ. ನನ್ನನ್ನು ಆ ಕೋಣೆಯಿಂದ ತೆಗೆದು ಮಕ್ಕಳ ವಾರ್ಡಿಗೆ ಹಾಕಿದರು. ನನ್ನ ಜಾಗಕ್ಕೆ ಬಂದ ಹುಡುಗಿಗೆ ರಕ್ತ ಕಂಡರೆ ತಲೆ ಸುತ್ತುತ್ತಿತ್ತು. ವಾರ ಕಳೆಯುವುದರೊಳಗೆ ಡಾಕ್ಟರು ಬಂದು, "ಸಿಸ್ಟರ್, ನಿಮ್ಮ ಮೇಜಿಗೆ ಬನ್ನಿ," ಎಂದು ಕರೆದುಕೊಂಡು ಹೋದರು. ಹೋದವಳು ಕಿಟಕಿಯ ಬಾಗಿಲು ಮುಚ್ಚಿಸಿದೆ. ಒಬ್ಬೊಬ್ಬರನ್ನೇ ಒಳಗೆ ಕರೆದು, ಡಾಕ್ಟರು ಕಲಿಸದ ಒಂದು ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳತೊಡಗಿದೆ: ನಿನ್ನನ್ನು ಯಾರು ಕಳಿಸಿದರು? ಯಜಮಾನರು, ಧಣಿ, ಒಡೆಯರು ಎಂಬ ಉತ್ತರ ಬಂದರೆ ಹನಿ ಮುಳುಗಿದರೂ ವಾಪಸು ಕಳಿಸುತ್ತಿದ್ದೆ. ಅಧಿಕಪ್ರಸಂಗಿ ಎಂದರು. ಎನ್ನಲಿ ಎಂದುಕೊಂಡೆ.

ಜಟ್ಟಪ್ಪನಿಗೆ ಆ ವರ್ಷ ಬೋಟಿನಲ್ಲಿ ಜಾಗ ಸಿಗಲಿಲ್ಲ. ನಾಗಮ್ಮ ಹೇಳಿ ನೋಡಿದಳಂತೆ, ನಡೆಯಲಿಲ್ಲ. ನೂಲಹುಣ್ಣಿಮೆಗೆ ಉಳಿದವರೆಲ್ಲ ಕಡಲಿಗೆ ತೆಂಗಿನಕಾಯಿ ಬಿಟ್ಟು ಬೋಟು ಇಳಿಸುವಾಗ ಅವನು ದಡದಲ್ಲಿ ನಿಂತಿದ್ದನ್ನು ನೋಡಿದವರು ಬಂದು ಹೇಳಿದರು. ಆಮೇಲೆ ಭಟ್ಕಳದ ಬಂದರಿಗೆ ಹೋಗಿ ಬೇರೆ ಯಾರದೋ ಬೋಟು ಸೇರಿದನಂತೆ. ಅವನ ಮಾತು ಮಾತ್ರ ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ನಾನು ಮಾಡಿದ್ದು ಸರಿ ಎಂಬುದರಲ್ಲಿ ಅನುಮಾನವಿರಲಿಲ್ಲ, ಇವತ್ತಿಗೂ ಇಲ್ಲ. ಆದರೆ ಸರಿಯಾದದ್ದನ್ನು ಮಾಡಿದ್ದು ನಾನು, ಅದಕ್ಕೆ ಬೆಲೆ ತೆತ್ತವನು ಅವನು.

ಚಳಿ ಬಿದ್ದ ಮೇಲೆ ಒಂದು ದಿನ, ಶಿರಾಲಿ ಕಡೆಯ ಹೆಂಗಸೊಬ್ಬಳಿಗೆ ಹೆರಿಗೆಯಲ್ಲಿ ರಕ್ತ ಹೋಗಿ, ಅವಳ ತಮ್ಮ ಜನ ಸಿಗದೆ ಭಟ್ಕಳದ ಬಂದರು, ಬಜಾರಿನವರೆಗೂ ಹೋಗಿ ಅಲೆಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ನನ್ನ ಕೋಣೆಯ ಬಾಗಿಲು ತಳ್ಳಿಕೊಂಡು ಒಬ್ಬ ಬಂದ. ಮೈ ತುಂಬಿಕೊಂಡಿತ್ತು, ಬಿಸಿಲಿಗೆ ಕಪ್ಪಾಗಿದ್ದ. ಗುರುತು ಹಿಡಿಯಲು ನನಗೆ ಒಂದು ಕ್ಷಣ ಬೇಕಾಯಿತು. ಜಟ್ಟಪ್ಪ ನಮಸ್ಕಾರ ಎನ್ನಲಿಲ್ಲ, ನಗಲೂ ಇಲ್ಲ. ಸ್ಟೂಲು ಎಳೆದು ಕೂತ.

"ಯಾರು ಕಳಿಸಿದ್ರು?" ಎಂದೆ.

"ಯಾರೂ ಕಳಿಸ್ಲಿಲ್ಲ. ನಾನೇ ಬಂದೆ," ಎಂದು ಬೆರಳನ್ನು ನನ್ನ ಮೂಗಿನ ಹತ್ತಿರಕ್ಕೇ ಚಾಚಿದ. "ಈಗ ಬೇಡ ಅನ್ನಿ, ನೋಡ್ವ."